ಅಪ್ಪನ ಗುಡಿಗೆ ಹೋಗುವ ರೈಲು

ಕಲಬುರಗಿಯಲ್ಲಿ ನಮಗೆ ಮನೆಗಳ ಕೊರತೆ ಇಲ್ಲ. ನನ್ನ ತಂಗಿಯ ಭಾವನ ಮನೆ ಇದೆ, ನಮ್ಮ ಸೋದರಮಾವನ ಮಕ್ಕಳ ಮನೆಗಳಿವೆ, ಬೀಗರ ಕಡೆಯವರಂತೂ ಓಣಿಗೊಬ್ಬರಿದ್ದಾರೆ. ಹಾಗಿದ್ದೂ ಹೋದ ಚಳಿಗಾಲದ ಕೊನೆಯಿಂದ ಬಿಸಿಲು ಏರುವವರೆಗೆ ನಾನೂ ತಂಗಿಯೂ ಯಾದಗಿರಿ ಸ್ಟೇಷನ್ನಿನ ಹತ್ತಿರದ ಒಂದು ಲಾಡ್ಜಿನಲ್ಲಿದ್ದೆವು. ದಿನಾ ಬೆಳಿಗ್ಗೆ ಪ್ಯಾಸೆಂಜರ್ ಗಾಡಿ ಹಿಡಿದು ಕಲಬುರಗಿಗೆ ಹೋಗುವುದು, ಸಂಜೆ ಅದೇ ಹಳಿಯ ಮೇಲೆ ತಿರುಗಿ ಬರುವುದು.

ಕಾರಣ ಸರಳ. ತಂಗಿಯ ಗಂಟಲಿನಲ್ಲಿ ಗಡ್ಡೆಯಾಗಿತ್ತು. ಕಲಬುರಗಿಯ ಆಸ್ಪತ್ರೆಯಲ್ಲಿ ದಿನಾ ರೇಡಿಯೇಷನ್ ಕೊಡಿಸಬೇಕಿತ್ತು. ಅದೇ ಹೊತ್ತಿಗೆ ಅವಳ ಮೊಮ್ಮಗಳಿಗೆ ಕಲಬುರಗಿಯವರ ಸಂಬಂಧದ ಮಾತು ನಡೆದಿತ್ತು. "ಆ ರೋಗದ ಹೆಸರು ಕಿವಿಗೆ ಬಿದ್ದರ ಹುಡುಗನ ಕಡೀಯವರು ರಕ್ತದಾಗೇ ಅದ ಅಂತಾರ. ಲಗ್ನ ಆಗೂತನ ಯಾರಿಗೂ ಗೊತ್ತಾಗಬಾರದು," ಎಂದು ತಂಗಿ ನನ್ನಿಂದಲೂ ತನ್ನ ಮಗನಿಂದಲೂ ಆಣೆ ಹಾಕಿಸಿಕೊಂಡಿದ್ದಳು. ನೆಂಟರ ಮನೆಯಲ್ಲಿ ಉಳಿದರೆ ಗುಟ್ಟು ಉಳಿಯುವುದಿಲ್ಲ. ನೆಂಟರಿರುವ ಊರಿನ ಲಾಡ್ಜಿನಲ್ಲಿ ಉಳಿದರೆ ಅದಕ್ಕಿಂತ ಕೆಟ್ಟದ್ದು. ನಮ್ಮ ಕಡೆ ಅದು ಅವರ ಮನೆಯ ಅನ್ನ ಬೇಡವೆಂದು ಒದ್ದಂತೆ, ಎರಡು ತಲೆಮಾರು ಆ ಮಾತು ಆಡಿಕೊಳ್ಳುತ್ತಾರೆ. ತಂಗಿಯ ಊರು ಶಹಾಪುರದಿಂದ ಬಸ್ಸಿನಲ್ಲಿ ಹೋಗಿಬರೋಣವೆಂದರೆ ಆ ಬಸ್ಸಿನಲ್ಲಿ ಅವಳ ಪರಿಚಯದವರೇ ಅರ್ಧ. ಹೀಗಾಗಿ ಯಾದಗಿರಿ. ಶಹಾಪುರದವರ ಲೆಕ್ಕಕ್ಕೆ ಅವಳು ಸುರಪುರದಲ್ಲಿ ನನ್ನ ಮನೆಯಲ್ಲಿದ್ದಳು. ಸುರಪುರದವರ ಲೆಕ್ಕಕ್ಕೆ ನಾನು ಶಹಾಪುರದಲ್ಲಿ ಅವಳ ಮನೆಯಲ್ಲಿದ್ದೆ.

ನನ್ನನ್ನು ಜೊತೆಗೆ ಕರೆದದ್ದು ಅಕ್ಕ ಎಂಬ ಪ್ರೀತಿಗಷ್ಟೇ ಅಲ್ಲ. ರೇಡಿಯೇಷನ್ ಕೊಡುವ ಡಾಕ್ಟರು ಕೇರಳದ ಕಡೆಯ ಹುಡುಗಿ. ಅವಳಿಗೆ ಕನ್ನಡ ಬಾರದು, ತಂಗಿಗೆ ಇಂಗ್ಲಿಷ್ ಬಾರದು. ನಮ್ಮ ಅಪ್ಪ ನನ್ನನ್ನು ಸಿಕಂದರಾಬಾದಿನ ಕಾನ್ವೆಂಟಿಗೆ ಹಾಕಿದ್ದರು. ತಂಗಿಯನ್ನೂ ಹಾಕಬೇಕೆಂದಿದ್ದರು, ಅವಳು ಯಾದಗಿರಿ ಪ್ಲಾಟ್‌ಫಾರ್ಮಿನ ಮೇಲೆಯೇ ಬಿದ್ದು ಹೊರಳಾಡಿ ಅತ್ತು ಮನೆಗೆ ವಾಪಸಾದಳು. ನಾನು ಟ್ರಂಕಿನ ಮೇಲೆ ಕೂತು, ಹೊಸ ಶೂ ಹಾಕಿಕೊಂಡು, ಜಗತ್ತೇ ನನಗಾಗಿ ಕಾಯುತ್ತಿದೆ ಎಂಬಂತೆ ಕಿಟಕಿಯಿಂದ ಹೊರಗೆ ನೋಡುತ್ತಿದ್ದೆ. ಅಂದಿನಿಂದ ರೈಲೆಂದರೆ ನನಗೊಂದು ರೊಮಾನ್ಸ್. ಇಂಜಿನ್ನಿನ ಕೂಗು ಕೇಳಿದರೆ ಈ ವಯಸ್ಸಿನಲ್ಲೂ ಎದೆ ಒಂದಿಷ್ಟು ಹಗುರಾಗುತ್ತಿತ್ತು. ಈ ವರ್ಷ ಅದೂ ಹೋಯಿತು.

ಲಾಡ್ಜಿನ ನಮ್ಮ ಕೋಣೆಯ ಕಿಟಕಿ ಗೂಡ್ಸ್ ಗಾಡಿಗಳು ನಿಲ್ಲುವ ಲೈನಿನ ಕಡೆಗಿತ್ತು. ಬೆಳಿಗ್ಗೆ ತೆರೆದರೆ ಎದುರಿಗೆ ಕಲ್ಲಿದ್ದಲು ತುಂಬಿದ ಡಬ್ಬಿಗಳು, ಒಂದಕ್ಕೊಂದು ಅಂಟಿಕೊಂಡು, ತುದಿ ಮೊದಲು ಕಾಣದಂತೆ. ಅವು ಹೊರಡುವಾಗ ಮೊದಲ ಡಬ್ಬಿಯಿಂದ ಕೊನೆಯ ಡಬ್ಬಿಯವರೆಗೆ ಕಬ್ಬಿಣದ ಒಂದು ಸದ್ದು ಸಾಲಾಗಿ ಓಡಿ ಬಂದು ನಮ್ಮ ಮಂಚದ ಕಾಲಿಗೆ ಬಡಿಯುತ್ತಿತ್ತು. ತಂಗಿ ಆ ಸದ್ದು ಬರುವುದಕ್ಕೆ ಮುಂಚೆಯೇ ಕಣ್ಣು ಬಿಟ್ಟುಕೊಂಡು ಕೂತಿರುತ್ತಿದ್ದಳು.

ಆಸ್ಪತ್ರೆಯಲ್ಲಿ ಅವಳ ಮುಖದ ಅಚ್ಚು ತೆಗೆದಿದ್ದರು. ಬಿಸಿನೀರಿನಲ್ಲಿ ಮೆತ್ತಗಾದ ಬಿಳಿ ಜಾಳಿಗೆಯನ್ನು ಮುಖಕ್ಕೆ, ಕತ್ತಿಗೆ ಒತ್ತಿ ಮಾಡಿದ ಮಾಸ್ಕ್ ಅದು. ದಿನಾ ಅದನ್ನು ಅವಳ ಮುಖದ ಮೇಲಿಟ್ಟು ಟೇಬಲ್ಲಿಗೆ ಬಿಗಿಯುತ್ತಿದ್ದರು, ಕೂದಲೆಳೆಯಷ್ಟೂ ಅಲುಗಬಾರದೆಂದು. ಒಮ್ಮೆ ಬಾಗಿಲ ಸಂದಿಯಿಂದ ಒಳಗೆ ನೋಡಿದೆ. ಗೋಡೆಯ ಉದ್ದಕ್ಕೂ ಹಲಗೆಗಳ ಮೇಲೆ ಅಂಥವೇ ಮುಖಗಳು, ಕಣ್ಣು ಮುಚ್ಚಿದ ಬಿಳಿ ಮುಖಗಳು, ಒಂದೊಂದರ ಹಣೆಗೂ ಅಂಟಿಸಿದ ಹೆಸರಿನ ಚೀಟಿ. ಕೆಲವುಗಳ ಮೇಲೆ ಧೂಳು ಕೂತಿತ್ತು. ಯಾಕೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಮೊದಲ ದಿನವೇ ಡಾಕ್ಟರ್ ಹುಡುಗಿ ನನ್ನ ಕೈ ಹಿಡಿದು ಇಂಗ್ಲಿಷಿನಲ್ಲಿ ಹೇಳಿದಳು: "ನೋ ಗ್ಯಾಪ್ಸ್, ಆಂಟಿ. ಭಾನುವಾರ ಬಿಟ್ಟು ಒಂದು ದಿನವೂ ತಪ್ಪಬಾರದು. ನಾವು ನಿಂತರೆ ಅದು ಬೆಳೆಯುತ್ತದೆ." ನಾನು ಅದನ್ನು ಅಕ್ಷರ ಬಿಡದೆ ಕನ್ನಡದಲ್ಲಿ ಹೇಳಿದೆ. ತಂಗಿ ತಲೆ ಆಡಿಸಿದಳು. "ನಾ ಯಾಕ ತಪ್ಪಿಸ್ಲಿ? ನಿನ್ನ ಕಾನ್ವೆಂಟ್ ಸಾಲಿ ಅಂತ ತಿಳದೀಯೇನು ಇದನ್ನ?" ಎಂದಳು.

ಬೆಳಗಿನ ಗಾಡಿಯಲ್ಲಿ ಹೆಂಗಸರದೇ ಒಂದು ಗುಂಪಿತ್ತು. ದಿನಾ ಕಲಬುರಗಿಗೆ ನೌಕರಿಗೆ, ವ್ಯಾಪಾರಕ್ಕೆ ಹೋಗಿಬರುವ ಅಪ್-ಡೌನ್ ಮಂದಿ. ಅವರಲ್ಲಿ ಮುಂದಾಳು ಎಂದರೆ ಕಲಬುರಗಿಯ ಯಾವುದೋ ಕಚೇರಿಯಲ್ಲಿ ಅಟೆಂಡರ್ ಆಗಿದ್ದ ಒಬ್ಬಾಕೆ, ಐವತ್ತರ ಆಸುಪಾಸಿನವಳು, ಅಗಲ ಹಣೆ, ಅಗಲ ಬಾಯಿ. ಯಾರು ಎಲ್ಲಿ ಕೂಡಬೇಕೆಂದು ಹೇಳುವವಳು ಅವಳೇ. ಒಂದೇ ವಾರದಲ್ಲಿ ನಮ್ಮನ್ನು ಹಿಡಿದಳು.

"ದಿನಾ ಕಲಬುರಗ್ಯಾಗ ಏನ್ ಕೆಲಸಾರಿ ಅಕ್ಕಾರ? ಈ ವಯಸ್ಸಿನ್ಯಾಗ ಅಪ್-ಡೌನ್ ಮಾಡಾಕತ್ತೀರಿ. ಸರ್ಕಾರದವರು ನಿಮಗ ರಿಟೈರ್ ಮಾಡೂದು ಮರತಾರೇನು?"

ಡಬ್ಬಿಯೆಲ್ಲ ನಕ್ಕಿತು. ನಾನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ತಂಗಿ, "ಅಪ್ಪನ ಗುಡಿಗೆ ಹೊಂಟೀವ್ರಿ. ನಂದೊಂದು ಹರಕಿ ಅದ," ಎಂದುಬಿಟ್ಟಳು. ನಮ್ಮ ಕಡೆ ಬರೀ ಅಪ್ಪ ಎಂದರೆ ಕಲಬುರಗಿಯ ಶರಣ, ಈ ಸೀಮೆಗೆಲ್ಲ ದೇವರು.

"ದಿನಾ?"

"ದಿನಾ."

"ಎಷ್ಟ್ ದಿನದ ಹರಕಿರಿ?"

"ಅಪ್ಪ ಸಾಕು ಅನ್ನೂತನ."

"ಮತ್ತ ದನಿ ಯಾಕ ಹಿಂಗಾಗ್ಯದ?"

"ಭಜನಿ ಮಾಡಿ ಮಾಡಿ."

ಆ ಕ್ಷಣದಿಂದ ಅವರು ನಮ್ಮನ್ನು ನೋಡುವ ರೀತಿ ಬದಲಾಯಿತು. ಕಿಟಕಿ ಪಕ್ಕದ ಸೀಟು ತಂಗಿಯದಾಯಿತು. ಇಳಿದ ಮೇಲೆ ನಾನು ಅವಳನ್ನು ಬೈದೆ. "ಲೇ, ದೇವರ ಹೆಸರಿಲೆ ಸುಳ್ಳು ಹೇಳ್ತೀಯಲ್ಲ, ಭಯ ಇಲ್ಲೇನು ನಿನಗ?"

"ಅಪ್ಪಗ ಗೊತ್ತದಕ್ಕ ನಾ ಎಲ್ಲಿಗೆ ಹೊಂಟೀನಂತ. ಮಂದಿಗೆ ಗೊತ್ತಾಗಬಾರದು, ಅಷ್ಟ."

ಮರುದಿನ ಆ ಅಟೆಂಡರ್ ಬಾಯಿ ಒಂದು ತೆಂಗಿನಕಾಯಿ ತಂದಳು.

"ನಮ್ಮ ಮಗಳ್ನ ದೇವಾಪುರಕ್ಕ ಕೊಟ್ಟೀವ್ರಿ. ಎರಡು ಸಲ ಬಸುರು ನಿಂತಿದ್ದಿಲ್ಲ. ಈಗ ಏಳರಾಗ ಅದಾಳ. ಅಕಿ ಹೆಸರಿಲೆ ಒಂದು ಕಾಯಿ ಒಡಸ್ರಿ ಅಕ್ಕಾರ. ಕಚೇರಿ ಬಿಟ್ಟು ನನಗ ಗುಡಿಗೆ ಹೋಗಾಕ ಆಗಂಗಿಲ್ಲ. ಅಲ್ಲದ ಹರಕಿ ಹೊತ್ತೋರ ಕೈಲೆ ಒಡದರ ಅದರ ತೂಕಾನೇ ಬ್ಯಾರೆ."

ನಮ್ಮ ಕಡೆ ಇದು ಹೊಸದಲ್ಲ. ಹರಕೆ ಹೊತ್ತವರ ಕೈಗೆ ಊರ ಮಂದಿ ತಮ್ಮ ತಮ್ಮ ಕಾಯಿ, ಊದಿನಕಡ್ಡಿ, ಸಕ್ಕರೆ ಕೊಡುತ್ತಾರೆ. ಅದು ಆ ಕೈಯಿಂದಲೇ ದೇವರಿಗೆ ಮುಟ್ಟಬೇಕು, ನಡುವೆ ಕೈ ಬದಲಾಗಬಾರದು. ಒಂದು ಕಾಯಿ ಬಂದ ಮೇಲೆ ಉಳಿದವೂ ಬಂದವು. ಬಳೆ ಮಾರಲು ಹೋಗುತ್ತಿದ್ದ ಮುಸಲ್ಮಾನರ ಹೆಂಗಸು ಕೂಡ ನಗುತ್ತ, "ಆಪಾ, ಮೇರೇ ನಾಮ್ ಸೇ ಭೀ ಏಕ್ ಊದ್‌ಬತ್ತಿ ಲಗಾ ದೇವ್," ಎಂದು ತನ್ನ ಹೆಸರಿನದೂ ಒಂದು ಊದಿನಕಡ್ಡಿ ಕೈಗಿಟ್ಟಳು.

ಇವನ್ನೆಲ್ಲ ಏನು ಮಾಡುವುದು? ನಾನು ಪ್ರ್ಯಾಕ್ಟಿಕಲ್ ಹೆಂಗಸು. ಕಾಯಿಯನ್ನು ಲಾಡ್ಜಿನಲ್ಲೇ ಒಡೆದು ಚೂರು ಮಾಡಿ ಪ್ರಸಾದವೆಂದು ಹಂಚಿಬಿಡೋಣ ಎಂದೆ. ತಂಗಿ ನನ್ನನ್ನು ಒಂದು ಥರ ನೋಡಿದಳು. "ಬಾಯಿಲೆ ಸುಳ್ಳು ಹೇಳೀನಿ. ಕೈಲೆ ಮಾಡಂಗಿಲ್ಲ."

ಹೀಗೆ ಆಸ್ಪತ್ರೆ ಮುಗಿಸಿ ಗುಡಿಗೆ ಹೋಗುವುದು ಶುರುವಾಯಿತು. ಬಿಸಿಲು ಹೊಟ್ಟೆಯೊಳಗೇ ಇಳಿಯುವಂಥ ಮಧ್ಯಾಹ್ನಗಳು. ಅವಳ ಕತ್ತಿನ ಚರ್ಮ ಒಳಗಿನಿಂದ ಬೆಂಕಿ ಹಚ್ಚಿದಂತೆ ಕಪ್ಪಾಗುತ್ತ ಬಂದಿತ್ತು; ಅದನ್ನು ಮುಚ್ಚಲು ಸೆರಗನ್ನು ಕಿವಿಯವರೆಗೆ ಸುತ್ತಿಕೊಳ್ಳುತ್ತಿದ್ದಳು. ಮಜ್ಜಿಗೆ ಕೂಡ ಇಳಿಯುತ್ತಿರಲಿಲ್ಲ. ನುಂಗುವಾಗ ಅವಳ ಎರಡೂ ಕೈ ಸೀರೆಯ ನೆರಿಗೆಯನ್ನು ಹಿಂಡುತ್ತಿದ್ದವು. ಅಂಥದರಲ್ಲೂ ಗುಡಿಯ ಸರತಿಯಲ್ಲಿ ನಿಂತು ಒಬ್ಬೊಬ್ಬರ ಹೆಸರು ಹೇಳಿ ಒಂದೊಂದು ಕಾಯಿ ಒಡೆಸಿ, ಚೂರುಗಳನ್ನು ಬೇರೆ ಬೇರೆ ಕಾಗದದಲ್ಲಿ ಕಟ್ಟಿ, ಮರುದಿನ ಗಾಡಿಯಲ್ಲಿ ತಲುಪಿಸುತ್ತಿದ್ದಳು. ಅವರು ಕಣ್ಣಿಗೊತ್ತಿಕೊಂಡು ತಿನ್ನುತ್ತಿದ್ದರು. ಅದನ್ನು ನೋಡುವಾಗ ಅವಳ ಮುಖದಲ್ಲಿ ಒಂದು ಕಳವಳ ಕಾಣುತ್ತಿತ್ತು. ನಾನು ಹಿಂದೆಂದೂ ಕಂಡದ್ದಲ್ಲ. ಒಂದು ಸಂಜೆ ಲಾಡ್ಜಿನಲ್ಲಿ ಕಾಲು ನೀವಿಕೊಳ್ಳುತ್ತ ಕೇಳಿದಳು: "ಅಕ್ಕ, ಆ ಹುಡುಗೀದು ಈ ಸಲಾನೂ ನಿಲ್ಲಲಿಲ್ಲಂದರ? ನನ್ನ ಸುಳ್ಳಿಗೆ ಅಕಿ ಕೂಸಿಗೆ ಏನರ ಆದರ?"

"ಡೋಂಟ್ ಬಿ ಸಿಲ್ಲಿ," ಎಂದೆ. ಇಂಗ್ಲಿಷಿನಲ್ಲಿ ಧೈರ್ಯ ಹೇಳುವುದು ಸುಲಭ.

ಆ ದಿನ ಬಂತು. ಗಾಡಿ ಯಾದಗಿರಿ ಬಿಡಲು ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ಅಟೆಂಡರ್ ಬಾಯಿ ಪ್ಲಾಟ್‌ಫಾರ್ಮಿನ ಮೇಲೆ ಓಡಿ ಬಂದಳು. ಕಚೇರಿಯ ಚೀಲವಿಲ್ಲ, ತಲೆ ಬಾಚಿಲ್ಲ. ಕಿಟಕಿಯ ಸರಳುಗಳ ನಡುವಿನಿಂದ ಕಾಯಿ ತೂರಲಿಲ್ಲ, ಬಾಗಿಲಿಗೆ ಬಂದು ತಂಗಿಯ ಉಡಿಗೇ ಹಾಕಿದಳು.

"ಮಗಳಿಗೆ ಬ್ಯಾನಿ ಹಚ್ಚ್ಯದ್ರಿ ಅಕ್ಕಾರ. ಇನ್ನಾ ಎಂಟು ತುಂಬಿಲ್ಲ. ಇಲ್ಲೇ ಯಾದಗಿರಿ ದವಾಖಾನಿಗೆ ಹಾಕೀವಿ. ಮಧ್ಯಾಹ್ನದ ಮಂಗಳಾರತಿ ಒಳಗ ಒಡಸ್ರಿ. ನಿಮ್ಮ ಕೈಯಾರ ಒಡಸ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

ಗಾಡಿ ಹೊರಟಿತು. ನಾಲವಾರ ದಾಟುವವರೆಗೆ ಎಲ್ಲ ಸರಿಯಿತ್ತು. ವಾಡಿ ಇನ್ನೂ ಬರುವ ಮುಂಚೆಯೇ ನಿಂತಿತು. ಮುಂದೆ ಏನೋ ಆಗಿದೆ ಎಂದರು, ಏನೆಂದು ಯಾರೂ ಹೇಳಲಿಲ್ಲ. ದೂರದ ಸಿಮೆಂಟ್ ಫ್ಯಾಕ್ಟರಿಯ ಹೊಗೆ ಆಕಾಶದಲ್ಲಿ ಅಲ್ಲಾಡದೆ ನಿಂತಿತ್ತು. ಹಳಿಯ ಪಕ್ಕದ ಜಾಲಿಗಿಡಗಳ ಎಲೆ ಎಲೆಯ ಮೇಲೂ ಬೂದಿಬಣ್ಣದ ಪುಡಿ. ಡಬ್ಬಿಯಲ್ಲಿ ಮಾತು ಒಂದೊಂದಾಗಿ ನಿಂತಿತು, ಫ್ಯಾನೂ ನಿಂತಿತು. ತಂಗಿ ಉಡಿಯ ಕಾಯಿಯನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದಳು, ಅದೇ ಹಸುಗೂಸು ಎಂಬಂತೆ. ನಾನು ಗಡಿಯಾರ ನೋಡುವುದನ್ನು ಬಿಟ್ಟುಬಿಟ್ಟೆ.

ಕಲಬುರಗಿಯಲ್ಲಿ ಇಳಿದಾಗ ಸೂರ್ಯ ನೆತ್ತಿಯ ಹತ್ತಿರ ಬಂದಿದ್ದ. ಆ ದಿನ ಮಧ್ಯಾಹ್ನದಿಂದ ರೇಡಿಯೇಷನ್ ಮಶೀನಿಗೆ ಸರ್ವಿಸಿಂಗ್ ಇದೆ, ಬೇಗ ಬನ್ನಿ ಎಂದು ಮೊದಲೇ ಹೇಳಿದ್ದರು. ಆಸ್ಪತ್ರೆ ಒಂದು ದಿಕ್ಕಿಗೆ, ಗುಡಿ ಇನ್ನೊಂದು ದಿಕ್ಕಿಗೆ. ಒಂದಕ್ಕೆ ಹೋದರೆ ಇನ್ನೊಂದು ತಪ್ಪುತ್ತಿತ್ತು.

"ಕಾಯಿ ಇಲ್ಲಿ ಕೊಡು. ನಾ ಗುಡಿಗೆ ಹೋಗ್ತೀನಿ, ನೀ ದವಾಖಾನಿಗೆ ನಡಿ," ಎಂದೆ.

"ಕೈ ಬದಲಾಗಬಾರದಕ್ಕ."

"ನಿನಗ ತಲಿ ಕೆಟ್ಟದೇನು? ಡಾಕ್ಟರು ಏನಂದಾಳ, ನೆನಪದೋ ಇಲ್ಲೋ?"

"ನೆನಪದ. ಅಕಿ ಡಾಕ್ಟರು, ಅಕಿ ಹೇಳೂದು ಅಕಿ ಹೇಳ್ಯಾಳ. ಹರಕಿ ಅದ ಅಂತ ಹೇಳಿದಾಕಿ ನಾನು. ನಂಬಿ ಉಡ್ಯಾಗ ಹಾಕ್ಯಾಳ."

ಆಟೋದವ ನಮ್ಮಿಬ್ಬರನ್ನೂ ನೋಡುತ್ತ, "ಎಲ್ಲಿಗೆರಿ ಯವ್ವಾ, ಜಲ್ದಿ ಹೇಳ್ರಿ," ಎಂದ. ತಂಗಿ ಹತ್ತಿ ಕೂತು, "ಅಪ್ಪನ ಗುಡಿಗೆ," ಎಂದಳು. ನಾನು ಹತ್ತದೆ ಏನು ಮಾಡಲಿ?

ಮಂಗಳಾರತಿ ಇನ್ನೂ ಆಗಿರಲಿಲ್ಲ. ಕಾಯಿ ಒಂದೇ ಏಟಿಗೆ ಎರಡು ಸಮ ಹೋಳಾಯಿತು. ತಂಗಿ ಎಷ್ಟೋ ದಿನದ ಮೇಲೆ ನಕ್ಕಳು. ಅಲ್ಲಿಂದ ನಾವು ಆಸ್ಪತ್ರೆಗೆ ಹೋದಾಗ ಮಶೀನಿನ ಕೋಣೆಯ ಬಾಗಿಲು ಹಾಕಿತ್ತು. ಮರುದಿನ ಹೋದರೆ ಸರ್ವಿಸಿಂಗ್ ಮಾಡಿದ ಮಶೀನು ಶುರುವಾಗಲೇ ಇಲ್ಲ. ಅದರ ಮರುದಿನ ಭಾನುವಾರ. ಒಂದು ದಿನ ತಪ್ಪಿದ್ದು ಹೀಗೆ ಒಂದರ ಬೆನ್ನಿಗೆ ಒಂದು ಸೇರಿಕೊಂಡಿತು. ಡಾಕ್ಟರ್ ಹುಡುಗಿ ಸಿಟ್ಟು ಮಾಡಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆಯಾದದ್ದು. "ಇನ್ನೊಂದು ಗ್ಯಾಪ್ ಆದರೆ ಐ ಕಾಂಟ್ ಪ್ರಾಮಿಸ್ ಎನಿಥಿಂಗ್, ಆಂಟಿ," ಎಂದು ಮೆಲ್ಲಗೆ ಹೇಳಿದಳು. ಇದನ್ನೂ ನಾನು ಕನ್ನಡದಲ್ಲಿ ಹೇಳಿದೆ. ತಂಗಿ, "ಆತು ಬಿಡು," ಎಂದಳು.

ಆಮೇಲೆ ಎಷ್ಟೋ ದಿನ ಅಟೆಂಡರ್ ಬಾಯಿ ಗಾಡಿಗೆ ಬರಲಿಲ್ಲ. ಅವಳ ಪಾಲಿನ ಪ್ರಸಾದ ತಂಗಿಯ ಚೀಲದಲ್ಲಿ ಒಣಗಿತು. ಮಗಳು ಹಡೆದಳೇ, ಕೂಸು ಉಳಿಯಿತೇ, ಉಳಿದ ಹೆಂಗಸರಿಗೂ ಗೊತ್ತಿರಲಿಲ್ಲ, ಗೊತ್ತಿದ್ದರೂ ಹೇಳಲಿಲ್ಲವೇನೋ. ಅವರ ಮಾತು ನಮ್ಮೆದುರು ಕಡಿಮೆಯಾಗುತ್ತ ಬಂತು. ಕಾಯಿ ಕೊಡುವುದೂ ನಿಂತಿತು. ಕಿಟಕಿಯ ಸೀಟಿನಲ್ಲಿ ಒಂದು ದಿನ ಬೇರೆ ಯಾರದೋ ಕರ್ಚೀಫು ಹಾಸಿತ್ತು. ಬಳೆಯ ಹೆಂಗಸು ಮಾತ್ರ ತಂಗಿಯನ್ನು ನೋಡಿ ಏನೋ ಹೇಳಬೇಕೆಂದು ಬಾಯಿ ತೆರೆದು ಮತ್ತೆ ಹೊರಗೆ ನೋಡುತ್ತಿದ್ದಳು.

ಒಂದು ಬೆಳಿಗ್ಗೆ ಅಟೆಂಡರ್ ಬಾಯಿ ಇದ್ದಳು. ನಾವು ಹತ್ತುವ ಮೊದಲೇ ಬಂದು ನಮ್ಮ ಎದುರಿನ ಸೀಟಿನಲ್ಲಿ ಕೂತಿದ್ದಳು. ಬಡವಾಗಿದ್ದಳು. ತಂಗಿ ಅವಸರದಿಂದ ಚೀಲಕ್ಕೆ ಕೈ ಹಾಕಿ, "ಮಗಳು ಹೆಂಗದಾಳ? ಕೂಸು?" ಎಂದಳು.

"ಕೂಸು ಗಾಜಿನ ಪೆಟ್ಟಿಗ್ಯಾಗ ಅದ. ಅಂಗೈಯಷ್ಟದ. ಇವತ್ತ ಹೋಗ್ತದೋ ನಾಳೆ ಹೋಗ್ತದೋ ಅಂತ ಕುಂತೀವಿ." ಆಕೆಯ ದನಿ ಏರಲಿಲ್ಲ. "ಆ ಕಾಯಿ ಎಲ್ಲಿ ಒಡದ್ರಿ?"

"ಅಪ್ಪನ ಗುಡ್ಯಾಗ."

"ನಿಮಗ ಹರಕೀನೇ ಇಲ್ಲ. ಕಚೇರಿ ಕೆಲಸದ ಮ್ಯಾಲೆ ಹೋದಾಗ ನೀವು ಆ ದೊಡ್ಡ ರೋಗದ ದವಾಖಾನಿ ಮುಂದ ಇಳಿಯೂದು ಕಣ್ಣಾರ ನೋಡೀನಿ. ಅವತ್ತ ಮನಸಿಗೆ ಹಚ್ಚಿಕೊಂಡಿದ್ದಿಲ್ಲ. ಪೆಟ್ಟಿಗಿ ಮುಂದ ಕುಂತಾಗ ಎಲ್ಲಾ ನೆನಪಿಗೆ ಬರ್ತದ್ರಿ ಅಕ್ಕಾರ. ಯಾಕ ಸುಳ್ಳು ಹೇಳಿದ್ರಿ? ನಾ ಬ್ಯಾರೆ ಯಾರ ಕೈಯಾಗರ ಕೊಡ್ತಿದ್ನೆಲ್ಲ."

ಡಬ್ಬಿಯಲ್ಲಿ ಯಾರ ಮುಖದಲ್ಲೂ ಅಚ್ಚರಿಯಿರಲಿಲ್ಲ. ಅವರಿಗೆಲ್ಲ ಮೊದಲೇ ಗೊತ್ತಿತ್ತು ಎಂದು ಆಗ ಅರ್ಥವಾಯಿತು. ನನಗೆ ತಡೆಯಲಾಗಲಿಲ್ಲ. "ನೋಡಮ್ಮ, ಆ ದಿನ ಇಕಿ ನಿನ್ನ ಕಾಯಿ ಸಲುವಾಗಿ..." ಎಂದು ಶುರು ಮಾಡಿದೆ. ತಂಗಿ ನನ್ನ ತೊಡೆಯನ್ನು ಹಿಡಿದು ಹಿಂಡಿದಳು, ಸಣ್ಣವರಿದ್ದಾಗ ಅಪ್ಪನೆದುರು ಹಿಂಡುತ್ತಿದ್ದ ಹಾಗೆ.

"ಒಡಸೀನವ್ವ. ಖರೇನ ಒಡಸೀನಿ," ಎಂದಳು ಅವಳು, ಉಳಿದಷ್ಟು ದನಿಯಲ್ಲಿ.

"ಹೆಂಗ ನಂಬಲಿ?"

ಶಹಾಬಾದಿನ ಈಚೆಗೆ ಕಾಗಿಣಾ ಹೊಳೆಯ ಸೇತುವೆ ಬಂತು. ಕೆಳಗೆ ನೀರು ಅಲ್ಲಲ್ಲಿ ಕಪ್ಪಗೆ ನಿಂತಿತ್ತು, ನಡುವೆ ಬಂಡೆಗಳು. ಸೇತುವೆ ದಾಟಿದ ಮೇಲೆ ಅಟೆಂಡರ್ ಬಾಯಿ ಕಾಲ ಬಳಿಯ ಚೀಲದಿಂದ ಒಂದು ಕಾಯಿ ತೆಗೆದಳು.

"ಅಪ್ಪನ ಹೆಸರಿಲೆ ಸುಳ್ಳಾಡಿದ ಬಾಯಿ ನಿಮ್ಮದು. ಆ ಸುಳ್ಳಿನ ದೋಷ ಕೂಸಿಗೆ ತಟ್ಟ್ಯದ, ಅದನ್ನ ನೀವ ಬಿಡಸಬೇಕು. ನನ್ನ ಜೋಡಿ ಬರ್ರಿ. ನನ್ನ ಕಣ್ಣ ಮುಂದ ಒಡೀರಿ. ಮುಂದಿನ ಗಾಡಿಗೆ ನಾ ಕೂಸಿನ ಕಡೆ ವಾಪಸ್ ಹೋಗಬೇಕು."

"ದವಾಖಾನಿ ಮುಗಿಸಿಕೊಂಡು ಬರ್ತಾಳ. ಇವತ್ತ ಇಕಿ ಪಾಳಿ ಮುಂಜಾನೇನೇ ಅದ, ತಪ್ಪಿದರ ಮತ್ತ ಸಿಗಂಗಿಲ್ಲ," ಎಂದೆ ನಾನು. ನನ್ನ ದನಿ ಕಾನ್ವೆಂಟಿನ ಮದರ್ ಮುಂದೆ ನಿಂತಾಗಿನಂತೆ ಸಣ್ಣಗಾಗಿತ್ತು.

"ಅಲ್ಲಿತನ ನನ್ನ ಕೂಸು ಕಾಯ್ತದೇನ್ರಿ?"

ತಂಗಿ ಅವಳ ಕೈಯಿಂದ ಕಾಯಿ ತೆಗೆದುಕೊಂಡು ತನ್ನ ಉಡಿಯಲ್ಲಿಟ್ಟುಕೊಂಡಳು. ಕಲಬುರಗಿ ಸ್ಟೇಷನ್ನಿನ ಹೊರಗೆ ನಾನು ಅವಳ ತೋಳು ಹಿಡಿದು ಎಳೆದೆ, ಬೇಡಿಕೊಂಡೆ, ಸತ್ತ ಅಪ್ಪ ಅಮ್ಮನ ಹೆಸರು ತೆಗೆದೆ. ಮೊಮ್ಮಗಳ ಲಗ್ನ ನೋಡಬೇಕೆಂದು ಇಷ್ಟೆಲ್ಲ ಮಾಡಿದೆಯಲ್ಲ, ಆ ಲಗ್ನ ನೋಡುವುದು ಬೇಡವೇ ಎಂದು ಕೇಳಿದೆ. ಅವಳು ನನ್ನ ಕೈಯನ್ನು ಮೆಲ್ಲಗೆ ಬಿಡಿಸಿದಳು.

"ನನಗ ಅರವತ್ತು ದಾಟ್ಯಾವಕ್ಕ. ಆ ಕೂಸಿಗೆ ಇನ್ನಾ ಹೆಸರೂ ಇಟ್ಟಿಲ್ಲ."

ಅವರಿಬ್ಬರೂ ಆಟೋದ ಹಿಂದಿನ ಸೀಟಿನಲ್ಲಿ ಒಬ್ಬರಿಗೊಬ್ಬರು ಮುಖ ನೋಡದೆ ಕೂತರು. ನಾನು ಇನ್ನೊಂದು ಆಟೋ ಹಿಡಿದು ಆಸ್ಪತ್ರೆಗೆ ಹೋದೆ, ಅವಳ ಪಾಳಿಯನ್ನು ಸಂಜೆಗೆ ಸರಿಸುತ್ತಾರೇನೋ ಎಂದು. ಸರಿಸಲಿಲ್ಲ. ಆಗುವಂತಿರಲಿಲ್ಲ. ಅವಳ ಹೆಸರು ಕೂಗಿದರು, ಮತ್ತೊಮ್ಮೆ ಕೂಗಿದರು, ಆಮೇಲೆ ಮುಂದಿನವರ ಹೆಸರು ಕೂಗಿದರು.

ಉಳಿದ ದಿನಗಳನ್ನು ಅವಳು ಒಂದನ್ನೂ ತಪ್ಪಿಸದೆ ಮುಗಿಸಿದಳು. ಕೂಸು ಗಾಜಿನ ಪೆಟ್ಟಿಗೆಯಿಂದ ಹೊರಗೆ ಬಂದಿದೆ ಎಂದು ಬಳೆಯ ಹೆಂಗಸು ಹೇಳಿದ ದಿನ ತಂಗಿ ಗಾಡಿಯಲ್ಲಿ ಕೂತವರಿಗೆಲ್ಲ ಪೇಡೆ ಹಂಚಿದಳು, ತಾನು ಮಾತ್ರ ನುಂಗಲಾರದೆ ಒಂದನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು.

ಮೊನ್ನೆ ಸ್ಕ್ಯಾನಿಂಗ್ ಆಯಿತು. ತಂಗಿಯನ್ನು ಹೊರಗಿನ ಬೆಂಚಿನ ಮೇಲೆ ಕೂಡಿಸಿ ಡಾಕ್ಟರ್ ಹುಡುಗಿ ನನ್ನೊಬ್ಬಳನ್ನೇ ಒಳಗೆ ಕರೆದಳು. ಬಾಗಿಲು ಪೂರ್ತಿ ಹಾಕಿರಲಿಲ್ಲ. ಅವಳು ಪರದೆಯ ಮೇಲೆ ಬೆರಳಿಟ್ಟು ತೋರಿಸುತ್ತ ಬಹಳ ಹೊತ್ತು ಮಾತಾಡಿದಳು, ಕತ್ತಿನ ಈ ಕಡೆ, ಆ ಕಡೆ, ಎದೆಯ ಗೂಡಿನ ಮೇಲ್ಭಾಗ. ಆ ಗ್ಯಾಪ್‌ಗಳಿಂದಲೇ ಹೀಗಾಯಿತೇ ಎಂದು ಕೇಳಿದೆ. "ವಿ ವಿಲ್ ನೆವರ್ ನೋ, ಆಂಟಿ," ಎಂದಳು. ಆ ಇಂಗ್ಲಿಷಿನ ಒಂದೊಂದು ಶಬ್ದವೂ ನನಗೆ ಅರ್ಥವಾಯಿತು. ಅಷ್ಟು ಚೆನ್ನಾಗಿ ಯಾಕೆ ಕಲಿತೆನೋ ಅನಿಸಿತು.

ಹೊರಗೆ ಬಂದೆ. ತಂಗಿ ಸೆರಗು ಸರಿಮಾಡಿಕೊಂಡು ಎದ್ದು ನಿಂತಿದ್ದಳು.

"ಏನಂದಳಕ್ಕ?"

"ಇನ್ನೊಂದಿಷ್ಟು ದಿನ ಬರ್ರಿ ಅಂದಾಳ."

ತಂಗಿ ನನ್ನ ಮುಖವನ್ನು ನೋಡಿದಳು. ಆಮೇಲೆ ಗರಗರ ಎನ್ನುವ ದನಿಯಲ್ಲಿ ನಕ್ಕು, ನನ್ನ ಕೈಯಿಂದ ಚೀಲ ತೆಗೆದುಕೊಂಡು ಮೆಟ್ಟಿಲ ಕಡೆ ನಡೆದಳು.

"ಇಷ್ಟ ಹೇಳಾಕ ಅಷ್ಟೊತ್ತು ಇಂಗ್ಲಿಷ್ ಮಾತಾಡಿದಳೇನು ಆ ಹುಡುಗಿ?"